ಏಡಿಯ ತೊಟ್ಟಿಗೆ ಕೆಳಗಿನಿಂದ ಬೆಂಕಿ ಹಚ್ಚಬೇಡಿ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಚಳಿ ಶುರುವಾಯಿತೆಂದರೆ ನಮ್ಮ ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ‘ಮಗಳು ಸಾಕಿದ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಅಲುಗಾಡುತ್ತಿಲ್ಲ, ಚಳಿಗಾಲದ ನಿದ್ದೆಯೇ?’ ಅಲ್ಲ ಸ್ವಾಮಿ. ಕರೀಬಿಯನ್ ದ್ವೀಪಗಳ ಪ್ರಾಣಿಗೆ ಚಳಿಗಾಲವೇ ಗೊತ್ತಿಲ್ಲ, ಇನ್ನು ಅದರ ನಿದ್ದೆಯೆಲ್ಲಿಂದ ಬರಬೇಕು? ಅದು ತಣ್ಣಗಾಗಿ ಮಂಕಾಗಿದೆ. ಹಾಗೆಯೇ ಬಿಟ್ಟರೆ ಸಾಯುತ್ತದೆ.

ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕಡಲತೀರಕ್ಕೆ ಹೋದವರಿಗೆ ಈ ವ್ಯಾಪಾರ ಗೊತ್ತು. ಬಣ್ಣ ಬಳಿದ ಚಿಪ್ಪಿನೊಳಗೆ ಒಂದು ಸನ್ಯಾಸಿ ಏಡಿ, ಜೊತೆಗೆ ತಂತಿಯ ಪಂಜರ, ಒಂದು ತುಂಡು ಸ್ಪಂಜು. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಪರ್ಸ್ ತೆಗೆಯುತ್ತಾನೆ. ತಂತಿಯ ಪಂಜರದಲ್ಲಿ ಬಿಸಿಯೂ ನಿಲ್ಲುವುದಿಲ್ಲ, ತೇವವೂ ನಿಲ್ಲುವುದಿಲ್ಲ ಎಂಬುದನ್ನು ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಕರಾವಳಿಯ ಬಂಡೆಗಳ ನಡುವಿನ ನೀರಿನಲ್ಲಿ ಓಡಾಡುವ ಶಂಖದ ಏಡಿಗಳ ಮಾತು ಬೇರೆ, ಅವು ಕಡಲಿನವು. ಇಲ್ಲಿ ಮಾರುವುದು ನೆಲದ ಮೇಲೆ ಬದುಕುವ ಜಾತಿ. ಆದರೂ ಅದು ಉಸಿರಾಡುವುದು ಕಿವಿರುಗಳಿಂದಲೇ. ಕಿವಿರು ಸದಾ ಒದ್ದೆಯಾಗಿರಬೇಕು, ಒಣಗಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಶಾಖದ ಪ್ರಶ್ನೆಯನ್ನು ತೇವಾಂಶದಿಂದ ಬೇರ್ಪಡಿಸಿ ನೋಡುವಂತೆಯೇ ಇಲ್ಲ.

ಪಂಜರ ಬಿಟ್ಟು ಏಡಿಯನ್ನು ಗಾಜಿನ ತೊಟ್ಟಿಯಲ್ಲಿಡಬೇಕು. ಅದರೊಳಗಿನ ಗಾಳಿ 24ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವಾಂಶ ಶೇ 75ರಿಂದ 85. ಮುಚ್ಚಳ ಸರಿಸಿದರೆ ಜೂನ್ ತಿಂಗಳ ಮಂಗಳೂರಿನ ಗಾಳಿ ಮುಖಕ್ಕೆ ಬಡಿಯಬೇಕು. ಚಳಿಗಾಲದಲ್ಲಿ ಇಲ್ಲಿನ ಮನೆಯೊಳಗೆ 20 ಡಿಗ್ರಿ ಇದ್ದರೆ ಹೆಚ್ಚು, ಅದೂ ಹೀಟರಿನ ಒಣ ಗಾಳಿ. ಇನ್ನೊಂದು ಲೆಕ್ಕವನ್ನೂ ನೋಡಿ: 20 ಡಿಗ್ರಿಯಲ್ಲಿ ಶೇ 75 ತೇವಾಂಶವಿರುವ ಗಾಳಿಯನ್ನು ನೀರು ಸೇರಿಸದೆ 27 ಡಿಗ್ರಿಗೆ ಕಾಯಿಸಿದರೆ ಅದು ಶೇ 50ರ ಆಸುಪಾಸಿಗೆ ಇಳಿಯುತ್ತದೆ. ತಲೆಯ ಮೇಲೆ ಕಾಯಿಸುವ ಬಲ್ಬು ತೂಗುಹಾಕಿ ಏಡಿಯನ್ನು ಬೆಚ್ಚಗಿಟ್ಟೆವೆಂದು ನೆಮ್ಮದಿಯಾಗಿರುವವರು ಇದನ್ನು ಯೋಚಿಸುವುದೇ ಇಲ್ಲ.

ನನ್ನ ನಿಜವಾದ ಸಿಟ್ಟು ತೊಟ್ಟಿಯ ತಳಕ್ಕೆ ಅಂಟಿಸುವ ಹೀಟ್ ಪ್ಯಾಡಿನ, ಅಂದರೆ ವಿದ್ಯುತ್ತಿನಿಂದ ಕಾಯುವ ತೆಳು ಹಾಳೆಯ ಮೇಲೆ. ಪ್ಯಾಡು ಕೆಟ್ಟದ್ದಲ್ಲ, ಅಂಟಿಸುವ ಜಾಗ ಕೆಟ್ಟದ್ದು. ಏಡಿಗೆ ಹೂತುಕೊಂಡು ಪೊರೆ ಕಳಚಲು ಕನಿಷ್ಠ 15 ಸೆಂಟಿಮೀಟರ್ ಆಳದ ಒದ್ದೆ ಮರಳು ಬೇಕು. ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಹಾಕಬೇಕು. ಅಷ್ಟು ದಪ್ಪದ ಮರಳನ್ನು ದಾಟಿ ಶಾಖ ಮೇಲಿನ ಗಾಳಿಯನ್ನು ಸರಿಯಾಗಿ ಮುಟ್ಟುವುದಿಲ್ಲ. ಮೇಲೆ ಚಳಿ, ಅಡಿಯಲ್ಲಿ ಬೇಗೆ. ಕೆಳಗಿನ ಮರಳು ಒಣಗಿ ಏಡಿ ಕೊರೆದ ಗುಹೆ ಕುಸಿಯುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಮುಂದಿದೆ: ಕಾಡಿನಲ್ಲಾಗಲಿ ತೀರದಲ್ಲಾಗಲಿ ಸೆಕೆಯಾದರೆ ಏಡಿ ಕೆಳಕ್ಕೆ ಅಗೆಯುತ್ತದೆ, ಏಕೆಂದರೆ ನೆಲದ ಆಳ ಯಾವಾಗಲೂ ತಂಪು. ಈ ತೊಟ್ಟಿಯಲ್ಲಿ ಅಗೆದಷ್ಟೂ ಬಿಸಿ ಹೆಚ್ಚು. ಹುಟ್ಟುಗುಣವೇ ಅದನ್ನು ಹೆಂಚಿನ ಮೇಲೆ ತಂದು ಕೂರಿಸುತ್ತದೆ. ಪೊರೆ ಕಳಚಿ ಮೈ ಮೆತ್ತಗಾದ ಏಡಿಗೆ ಎದ್ದು ಓಡಲು ಕಾಲಲ್ಲಿ ಬಲವೂ ಇರುವುದಿಲ್ಲ.

ಪ್ಯಾಡನ್ನು ತೊಟ್ಟಿಯ ಹಿಂಬದಿಯ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ, ಹೊರಗಿನಿಂದ ಅಂಟಿಸಿ. ಅದರ ಬೆನ್ನಿಗೆ ಶಾಖ ತಡೆಯುವ ಬೆಳ್ಳಿ ಬಣ್ಣದ ಹಾಳೆ ಹೊದಿಸಿ, ಆಗ ಬಿಸಿ ಗೋಡೆಯ ಪಾಲಾಗದೆ ಒಳಗೆ ಹೋಗುತ್ತದೆ. ಅಂಗಡಿಯವರು ಕೊಡುವ ಅಂಗೈಯಗಲದ ಪ್ಯಾಡು ಸಾಲದು, ಹಿಂಬದಿಯ ಖಾಲಿ ಗಾಜಿನ ಬಹುಭಾಗವನ್ನು ಅದು ಆವರಿಸಬೇಕು. ಬಿಸಿ ಮಿತಿ ಮೀರದಂತೆ ತಾನಾಗಿಯೇ ನಿಯಂತ್ರಿಸುವ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಅದರ ಶಾಖ ಅಳೆಯುವ ತಂತಿಯ ತುದಿ ಏಡಿ ಓಡಾಡುವ ಎತ್ತರದಲ್ಲಿರಲಿ. ಮೇಲೆ ಗಾಜಿನ ಮುಚ್ಚಳ. ಬಲೆಯ ಮುಚ್ಚಳವೇ ಇದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಸಾಕು.

ತೇವಾಂಶ ಅಳೆಯಲು ಮುಳ್ಳಿನ ಮಾಪಕಗಳನ್ನು ನಂಬಬೇಡಿ, ಡಿಜಿಟಲ್ ತೆಗೆದುಕೊಳ್ಳಿ. ಅದನ್ನೂ ಪರೀಕ್ಷಿಸಿ: ಒದ್ದೆ ಮಾಡಿದ ಅಡುಗೆ ಉಪ್ಪಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಶೇ 75 ತೋರಿಸಬೇಕು. ನಾಲ್ಕು ಹೆಚ್ಚು ಕಡಿಮೆ ತೋರಿಸಿದರೆ ಅಷ್ಟನ್ನು ಮನಸ್ಸಿನಲ್ಲಿ ಕಳೆದು ಕೂಡಿ ಓದಿಕೊಳ್ಳಿ.

ಇಷ್ಟಕ್ಕೆ ಆಗುವ ಖರ್ಚು ಏಡಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು, ನಿಜ. ಅದನ್ನು ಕೊಳ್ಳುವ ಮೊದಲೇ ಹೇಳಬೇಕಿತ್ತು ಎಂಬುದೇ ನನ್ನ ತಕರಾರು. ಅಂಗಡಿಗೆ ಬರುವ ಏಡಿಗಳೆಲ್ಲ ಬಹುಮಟ್ಟಿಗೆ ತೀರದಿಂದ ಹಿಡಿದು ತಂದವು, ಸಾಕಣೆಯಲ್ಲಿ ಮರಿಯಾದವು ತೀರಾ ಅಪರೂಪ. ಸರಿಯಾಗಿ ನೋಡಿಕೊಂಡರೆ 30 ವರ್ಷ ದಾಟಿ ಬದುಕುವ ಜೀವಿಯನ್ನು ಒಂದು ಬೇಸಿಗೆಯ ಆಟಿಕೆಯಾಗಿ ಮಾರುವುದು ನನ್ನ ಪ್ರಕಾರ ವ್ಯಾಪಾರವೇ ಅಲ್ಲ. ಈ ರಜೆಯಲ್ಲಿ ಮಕ್ಕಳು ಹಟ ಹಿಡಿದರೆ ಐಸ್‌ಕ್ರೀಮ್ ಕೊಡಿಸಿ.

ಏಡಿ ಈಗಾಗಲೇ ಮನೆಗೆ ಬಂದಿದ್ದರೆ ಇಂದೇ ತಳದ ಪ್ಯಾಡಿನ ಸ್ವಿಚ್ ಆಫ್ ಮಾಡಿ, ಹೊಸದೊಂದನ್ನು ಹಿಂಬದಿಗೆ ಅಂಟಿಸಿ. ಅವಸರಪಟ್ಟು ಮರಳು ಮಾತ್ರ ಕೆದಕಬೇಡಿ. ಹೂತುಕೊಂಡ ಏಡಿ ಪೊರೆ ಬಿಡುತ್ತಿರಬಹುದು, ಅದಕ್ಕೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು.