ಚಾರ್ಟಿನಲ್ಲಿ ಬರೆಯುವ ಆ 20

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ನಮ್ಮ ವಾರ್ಡಿನ ನರ್ಸ್ ಹುಡುಗಿ ಕೇಳಿದಳು, ‘ಅಕ್ಕಾ, ಬಿಎಸ್ಸಿ ಆಗಿ ಮೂರು ವರ್ಷ ಆಯ್ತು. ಎಂಎಸ್ಸಿ ಮಾಡ್ಲಾ, ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೆ ಹೋಗ್ಲಾ?’ ನರ್ಸ್ ಪ್ರಾಕ್ಟೀಷನರ್ ಅಂದರೆ ರೋಗಿಯನ್ನು ತಾನೇ ಪರೀಕ್ಷಿಸಿ, ಗೊತ್ತು ಮಾಡಿದ ಮಿತಿಯೊಳಗೆ ಚಿಕಿತ್ಸೆಯನ್ನೂ ಶುರು ಮಾಡಲು ತರಬೇತಿ ಪಡೆದ ನರ್ಸ್. ಬಸ್ಸಿಗೆ ಕಾಯುತ್ತಾ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಜನವರಿ, ಕಾಫಿ ಕುಯ್ಲಿನ ಕಾಲ. ಮೂಡಿಗೆರೆ ಕಡೆಯ ತೋಟದ ಕೂಲಿಯವರ ಲೈನ್‌ಮನೆಯಿಂದ ಒಬ್ಬರನ್ನು ರಾತ್ರಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಜೀಪಿನಲ್ಲಿ ಕರೆತಂದರು. ಕಾಲಿಗೆ ಕತ್ತಿ ತಾಗಿದ ಗಾಯ, ಮೂರು ದಿನದ ಜ್ವರ. ಬಿಪಿ ಪರವಾಗಿಲ್ಲ ಅನ್ನುವ ಹಾಗಿತ್ತು. ಮಾತಾಡುತ್ತಿದ್ದರು. ಟೆಂಪರೇಚರ್, ಪಲ್ಸ್ ನೋಡಿ ಬರೆದೆ. ಉಸಿರಾಟದ ಕಾಲಂನಲ್ಲಿ ನಿಮಿಷಕ್ಕೆ 20 ಅಂತ, ಆರೋಗ್ಯವಂತರಿಗೆ ಇರುವಷ್ಟೇ, ಬರೆದೆ. ಎಣಿಸಿರಲಿಲ್ಲ. ನರ್ಸಿಂಗ್‌ನಲ್ಲಿ ಇರುವವರಿಗೆ ಗೊತ್ತು, ಆ ಕಾಲಂನಲ್ಲಿ ಮೇಲಿಂದ ಕೆಳಗೆ ಎಲ್ಲರಿಗೂ 20 ಇರುತ್ತದೆ.

ಸೀನಿಯರ್ ಸಿಸ್ಟರ್ ಬಂದರು. ರೋಗಿಯ ಎದೆಯ ಮೇಲೆ ಕೈ ಇಟ್ಟು, ವಾಚ್ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಂತರು. 36. ‘ಬೆರಳು ಮುಟ್ಟಿ ನೋಡು’ ಅಂದರು. ತಣ್ಣಗಿತ್ತು. ಮೂತ್ರ ಯಾವಾಗ ಹೋಗಿದ್ದು ಅಂತ ಹೆಂಡತಿಯನ್ನು ಕೇಳಿದರು. ‘ಮಧ್ಯಾಹ್ನದಿಂದ ಇಲ್ಲ ಸಿಸ್ಟರಮ್ಮ.’ ಆಮೇಲೆ ಡ್ಯೂಟಿ ಡಾಕ್ಟರಿಗೆ ಫೋನ್. ‘ಪೇಷೆಂಟ್ ಯಾಕೋ ಸರಿ ಇಲ್ಲ ಸರ್’ ಅಂತ ರಾಗ ಎಳೆಯಲಿಲ್ಲ. ‘ಸರ್, ಕಾಲಿನ ಗಾಯ, ಮೂರು ದಿನ ಜ್ವರ, ಉಸಿರು 36, ಕೈಕಾಲು ತಣ್ಣಗೆ, ಮಧ್ಯಾಹ್ನದಿಂದ ಯೂರಿನ್ ಇಲ್ಲ. ಸೆಪ್ಸಿಸ್ ಅನ್ಸುತ್ತೆ. ಈಗಲೇ ಬಂದು ನೋಡ್ಬೇಕು.’ ಸೋಂಕಿಗೆ ದೇಹವೇ ತಿರುಗಿ ಬಿದ್ದು ಅಂಗಾಂಗಗಳು ಕೆಡುವ ಸ್ಥಿತಿ ಸೆಪ್ಸಿಸ್. ಡಾಕ್ಟರ್ ಓಡಿ ಬಂದರು. ಡ್ರಿಪ್, ಆಂಟಿಬಯೋಟಿಕ್ ಶುರುವಾಯಿತು. ಬೆಳಕಾಗುವ ಮೊದಲೇ ಆಂಬ್ಯುಲೆನ್ಸ್ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಯಿತು. ಅವರು ಉಳಿದರು.

ಉಸಿರು ಎಣಿಸುವುದನ್ನು ನಾಲ್ಕು ವರ್ಷದ ಬಿಎಸ್ಸಿಯಲ್ಲಿ ನನಗೂ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೆ 36 ಅಂದರೆ ಏನಾಗುತ್ತಿದೆ, ಇನ್ನೇನು ಕೇಳಬೇಕು, ಯಾರಿಗೆ ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದು ಆ ಮಂಚದ ಪಕ್ಕ ಸಿಕ್ಕಿತು. ಕಾಂಪಿಟೆನ್ಸಿ, ಅಂದರೆ ಕೆಲಸವನ್ನು ಸರಿಯಾಗಿ ಮಾಡಬಲ್ಲ ಸಾಮರ್ಥ್ಯ, ಅಂತ ಪುಸ್ತಕದಲ್ಲಿ ಏನೇನು ಬರೆದಿದ್ದರೂ ನನ್ನ ಪಾಲಿಗೆ ಅದು ಇಷ್ಟೇ.

ಈಗ ಅವಳ ಪ್ರಶ್ನೆ. ನಮ್ಮ ಎಂಎಸ್ಸಿ ನರ್ಸಿಂಗ್ 2 ವರ್ಷ. ಅದರಲ್ಲಿ ಸ್ಪೆಷಾಲಿಟಿ ಇದೆ, ಜೊತೆಗೆ ಪಾಠ ಮಾಡುವುದು, ಮ್ಯಾನೇಜ್‌ಮೆಂಟ್, ಥೀಸಿಸ್. ಕಾಲೇಜುಗಳಿಗೆ ಒಳ್ಳೆಯ ಟೀಚರ್ ಬೇಕೇ ಬೇಕು. ಆದರೆ ನಾನು ನೋಡಿದ ಹಾಗೆ, ಮುಗಿಸಿದವರು ವಾರ್ಡಿಗೆ ವಾಪಸ್ ಬಂದಿದ್ದು ಕಡಿಮೆ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಬೇರೆ ಥರದ್ದು. ಅದೂ 2 ವರ್ಷವೇ, ಆದರೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವುದು. ಬಿಎಸ್ಸಿ ಆಗಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು. ಓದುವ ಕಾಲದ ಬಹುಪಾಲು ಐಸಿಯುನಲ್ಲೇ ಕಳೆಯುತ್ತದೆ. ಕಾಯಿಲೆ ದೇಹದೊಳಗೆ ಏನು ಮಾಡುತ್ತದೆ, ಔಷಧಿ ಹೇಗೆ ಕೆಲಸ ಮಾಡುತ್ತದೆ, ತಲೆಯಿಂದ ಕಾಲಿನವರೆಗೆ ಹೇಗೆ ಪರೀಕ್ಷೆ ಮಾಡಬೇಕು, ಈ ಮೂರೂ ಆಳವಾಗಿ. ಮಾಡಿದ್ದನ್ನೆಲ್ಲ ಬರೆದು ಕಲಿಸುವವರ ಸಹಿ ಹಾಕಿಸುವ ಲಾಗ್ ಬುಕ್. ಔಷಧಿ ಶುರು ಮಾಡುವುದಿದ್ದರೂ ಆಸ್ಪತ್ರೆಯ ಬರೆದಿಟ್ಟ ಪ್ರೊಟೊಕಾಲ್ ಒಳಗೇ. ‘ಡಾಕ್ಟರ್ ಜಾಗಕ್ಕೆ ನರ್ಸ್ ಬರ್ತಾರಂತೆ’ ಅಂತ ಸುಮ್ನೆ ಗಾಬರಿ ಆಗುವವರು ಇದನ್ನು ಗಮನಿಸಬೇಕು.

1965ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಶುರು ಮಾಡಿದ್ದು ಡಾಕ್ಟರ್ ಸಿಗದ ಕಡೆಯ ಮಕ್ಕಳಿಗಾಗಿ. ಅಲ್ಲಿ 2022ರಲ್ಲಿ ನಿಯಮ ಬಿಗಿ ಮಾಡಿ, ರೋಗಿಗಳ ಜೊತೆ ಕಳೆಯಬೇಕಾದ ಕನಿಷ್ಠ ಸಮಯವನ್ನು 500 ಗಂಟೆಯಿಂದ 750ಕ್ಕೆ ಏರಿಸಿದರು. ನನಗೆ ಇದು ಸರಿ ಕಾಣುತ್ತದೆ. ಆದರೆ ಗಂಟೆ ಲೆಕ್ಕ ಒಂದೇ ಸಾಲದು. ಪಕ್ಕದಲ್ಲಿ ಯಾರಿದ್ದರು ಅನ್ನುವುದೂ ಮುಖ್ಯ ಅಲ್ವಾ? ನಮ್ಮ ಮಲೆನಾಡಿನಲ್ಲಿ ಕುಯ್ಲಿನ ಕಾಲದಲ್ಲಿ ಜ್ವರ ಅಂತ ಬಂದರೆ ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಂತ ಕೇಳಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಸಿಕ್ಕಿದ್ದು ಇಲ್ಲೇ ಸೊರಬದ ಕ್ಯಾಸನೂರಿನಲ್ಲಿ, 1957ರಲ್ಲಿ. ಅದು ಪುಸ್ತಕದಲ್ಲಿದೆ. ಹೆದರಿ ಕೂತ ಕೂಲಿಯವರಿಂದ ಮೆಲ್ಲಗೆ ಮಾತು ಹೊರಡಿಸುವುದು ಮಾತ್ರ ಇಂಥ ಕಡೆ ಹತ್ತು ವರ್ಷ ಕೆಲಸ ಮಾಡಿದವರ ಹತ್ತಿರ ಇದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಕೋರ್ಸ್ ಆದಮೇಲಿನ ವಿಷಯಕ್ಕೆ. ಪರಿಚಯದ ಒಬ್ಬರು ಇದೇ ಕೋರ್ಸ್ ಮಾಡಿಕೊಂಡು ಬಂದರು. ವೆಂಟಿಲೇಟರ್ ಸೆಟ್ಟಿಂಗ್, ರಕ್ತದಲ್ಲಿನ ಆಮ್ಲಜನಕದಂಥ ಅನಿಲಗಳ ಮಟ್ಟ ತೋರಿಸುವ ಎಬಿಜಿ ರಿಪೋರ್ಟ್ ಎಲ್ಲ ಚೆನ್ನಾಗಿ ಗೊತ್ತು. ಆಸ್ಪತ್ರೆ ಮತ್ತೆ ಅದೇ ಡ್ಯೂಟಿ ಲಿಸ್ಟಿಗೆ, ಅದೇ ಸ್ಟಾಫ್ ನರ್ಸ್ ಕೆಲಸಕ್ಕೆ ಹಾಕಿತು. ಒಂದು ವರ್ಷ ನೋಡಿ ಬಿಟ್ಟು ಹೋದರು. ಕಲಿತದ್ದು ದಿನಾ ಕೈಯಲ್ಲಿ ಓಡದಿದ್ದರೆ ಮರೆತು ಹೋಗುತ್ತದೆ. ಕೋರ್ಸ್ ಕೊಡುವವರು ಹುದ್ದೆಯನ್ನೂ ಕೊಡಬೇಕು, ಏನೇನು ಮಾಡಬಹುದು ಅಂತ ಬರೆದೂ ಕೊಡಬೇಕು. ಇದನ್ನು ಕೇಳಲು ನಾವ್ಯಾಕೆ ಸಂಕೋಚ ಪಡಬೇಕು?

ಆದರೂ ಅವಳಿಗೆ ಪ್ರಾಕ್ಟೀಷನರ್ ಕೋರ್ಸಿಗೇ ಹೋಗು ಅಂದೆ. ಫೀಸ್ ಕಟ್ಟುವ ಮುಂಚೆ ಅಲ್ಲಿನ ಐಸಿಯು ನೋಡು, ರಾತ್ರಿ ಹೊತ್ತು ಪಕ್ಕ ನಿಂತು ಕಲಿಸುವವರು ಯಾರು ಅಂತ ಕೇಳು, ಹಿಂದಿನ ಬ್ಯಾಚಿನ ಒಬ್ಬರ ಲಾಗ್ ಬುಕ್ ತೆಗೆಸಿ ನೋಡು ಅಂದೆ. ಕೇಸ್ ನೋಡಿ ಹಾಕಿದ ಸಹಿ ಯಾವುದು, ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಸಾಲಾಗಿ ಹಾಕಿದ್ದು ಯಾವುದು ಅಂತ ಗೊತ್ತಾಗುತ್ತದೆ. ಗುರುವಾರ ನನಗೆ ರಜೆ. ನಾನೂ ಅವಳ ಜೊತೆ ಹೋಗುತ್ತಿದ್ದೇನೆ.