ದನವಿಲ್ಲದ ದನಗಾಹಿಯ ಜೋಡುನಳಿಗೆ

ಕಳೆದ ಭಾನುವಾರ ಬೆಳಿಗ್ಗೆ, ಅರಿಜೋನಾದ ಫೀನಿಕ್ಸ್ ನಗರದ ಹೊರಗಿನ ಕುರುಚಲು ಬಯಲಿನಲ್ಲಿ, ಅಗಲ ಅಂಚಿನ ಟೋಪಿ, ತೋಳಿಲ್ಲದ ಕರಿಯ ಕೋಟು ಹಾಗೂ ಒಂದು ನಂಬರ್ ಚಿಕ್ಕದಾದ ಬೂಟು ತೊಟ್ಟಿದ್ದ ನಾನು, ಹದಿನೈದು ಜನರ ಕಣ್ಣೆದುರಿನಲ್ಲಿ, ಹಾರದೇ ಉಳಿದ ಎಂಟು ತೋಟಾಗಳನ್ನು ಜೋಡಿ ಜೋಡಿಯಾಗಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದೆ. ಆ ಮೇಲೆ ಸೊಂಟದ ಪಟ್ಟಿಯಲ್ಲಿ ಎಸೆಯಲು ಏನೂ ಉಳಿದಿರಲಿಲ್ಲವಾದ್ದರಿಂದ ನಿಲ್ಲಿಸಿದೆ. ಇಷ್ಟಕ್ಕೂ ಕಾರಣ ಕೋವಿಯ ಬೆನ್ನಿನ ಮೇಲಿರುವ, ಹುಣಿಸೆ ಬೀಜಕ್ಕಿಂತ ದೊಡ್ಡದಲ್ಲದ ಒಂದು ಗುಂಡಿ. ಅದರ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

ಕೌಬಾಯ್ ಆ್ಯಕ್ಷನ್ ಶೂಟಿಂಗ್ ಎಂಬುದು ವಯಸ್ಕರು ಹತ್ತೊಂಬತ್ತನೆಯ ಶತಮಾನದ ಉಡುಪು ಧರಿಸಿ, ಆ ಕಾಲದ ಮಾದರಿಯ ಎರಡು ರಿವಾಲ್ವರ್, ಒಂದು ರೈಫಲ್ ಮತ್ತು ಒಂದು ಶಾಟ್‌ಗನ್ ಹಿಡಿದು, ಉಕ್ಕಿನ ತಟ್ಟೆಗಳಿಗೆ ಗಡಿಯಾರದ ವಿರುದ್ಧ ಗುಂಡು ಹೊಡೆಯುವ ಆಟ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಹವ್ಯಾಸಕ್ಕೆ 1987ರಲ್ಲಿ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಎಂಬ ಸಂಸ್ಥೆಯೂ, ಆ ಬಳಿಕ ದಪ್ಪನೆಯ ನಿಯಮಾವಳಿಯೂ ಒದಗಿದವು. ಒಂದು ಗುರಿ ತಪ್ಪಿದರೆ ಐದು ಸೆಕೆಂಡು ದಂಡ. ಆಟದ ಹೆಸರಿನಲ್ಲಿ ದನವಿದ್ದರೂ ಬಯಲಿನಲ್ಲಿ ದನವಿಲ್ಲ, ಕುದುರೆಯೂ ಇಲ್ಲ. ಇರುವ ಕುದುರೆಗಳೆಲ್ಲ ಕೋವಿಯ ಬೆನ್ನಿನ ಮೇಲಿನವು, ಬಡಿದು ಗುಂಡು ಹಾರಿಸುವ ಪುಟ್ಟ ಸುತ್ತಿಗೆಗಳು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಮೇಷ್ಟರು "ದನ ಕಾಯೋಕೆ ಹೋಗು" ಎಂದು ಬೈಯುತ್ತಿದ್ದುದನ್ನು ಮರೆಯದ ನನ್ನ ತಾಯಿ, ಫೋನಿನಲ್ಲಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಇಲ್ಲೇ ನಾಲ್ಕು ಎಮ್ಮೆ ಇದ್ವಲ್ಲ" ಎಂದರು.

ಇಲ್ಲಿ ಪ್ರತಿಯೊಬ್ಬರೂ ಬೇರೆ ಯಾರೂ ಇಟ್ಟುಕೊಂಡಿರದ ಒಂದು ಅಡ್ಡಹೆಸರನ್ನು ನೋಂದಾಯಿಸಬೇಕು. ನಾನು ಅಭಿಮಾನದಿಂದ 'ಸಕಲೇಶಪುರ ಕಿಡ್' ಎಂದು ಬರೆದುಕೊಟ್ಟೆ. ಅಷ್ಟುದ್ದ ಉಚ್ಚರಿಸಲಾರದ ಜನ ಅದನ್ನು 'ಸಾಕ್' ಎಂದು ಕತ್ತರಿಸಿದ್ದಾರೆ. ಹೀಗಾಗಿ ನನ್ನ ಸರದಿ ಬಂದಾಗಲೆಲ್ಲ, ಒಂದು ಗುಂಡನ್ನೂ ಹೊಡೆಯುವ ಮೊದಲೇ, ಯಾರೋ ಗಟ್ಟಿಯಾಗಿ "ಸಾಕು" ಎಂದು ಕೂಗಿದಂತೆ ಕೇಳಿಸುತ್ತದೆ.

ರಿವಾಲ್ವರು, ರೈಫಲುಗಳ ಆಯ್ಕೆಯಲ್ಲಿ ತೊಂದರೆಯಾಗಲಿಲ್ಲ, ತೊಂದರೆಯೆಲ್ಲ ಶಾಟ್‌ಗನ್ನಿನದು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1887ರ, ಸನ್ನೆ (ಲಿವರ್) ಎಳೆದು ನಡೆಸುವ ಕೋವಿಯನ್ನು ಕೊಳ್ಳಬಹುದು, ಆದರೆ ಅದರ ಭಾರಕ್ಕೆ ನನ್ನ ಮಣಿಕಟ್ಟು ಒಪ್ಪಲಿಲ್ಲ. ಅವನದೇ 1897ರ, ಮುಂದಿನ ಹಿಡಿಯನ್ನು ಹಿಂದೆಳೆದು ಮುಂದೆ ತಳ್ಳುವ ಕೋವಿ ಇದೆ. 1957ರವರೆಗೂ ತಯಾರಾದ ಆ ಜನಪ್ರಿಯ ಕೋವಿ, ಕೈ ಸ್ವಲ್ಪ ಮೇಲಕ್ಕೆ ಸರಿದರೂ ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ, ಮತ್ತು ಇಲ್ಲಿನ ಹಳಬರು ಆ ಗಾಯವನ್ನು ಪದಕದಂತೆ ತೋರಿಸುತ್ತಾರೆ. ಉಳಿದದ್ದು ಎರಡು ನಳಿಗೆಗಳು ಅಕ್ಕಪಕ್ಕದಲ್ಲಿರುವ ಜೋಡುನಳಿಗೆ. ಅದರಲ್ಲಿ ಹೊರಗೆ ಕುದುರೆಗಳಿರುವುದು ಬೇಕೋ ಇಲ್ಲದಿರುವುದು ಬೇಕೋ, ಗುಂಡು ಹಾರಿಸಲು ಬೆರಳಿನಿಂದ ಒತ್ತುವ ಬಿಲ್ಲು ಒಂದಿರಬೇಕೋ ಎರಡಿರಬೇಕೋ ಎಂಬ ಕವಲುಗಳು. ಹಾರಿದ ತೋಟಾವನ್ನು ತಾನಾಗಿ ಹೊರಗೆಸೆಯುವ ಏರ್ಪಾಡಿಗೆ ಮಾತ್ರ ನಿಯಮದ ಅನುಮತಿಯಿಲ್ಲ. ಕೋವಿಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಗ್ಗಿಸಿ ತೆರೆದು, ಹಿಂದಕ್ಕೆ ಜಾಡಿಸಿ, ಖಾಲಿ ತೋಟಾಗಳನ್ನು ನಾವೇ ಹಾರಿಸಬೇಕು.

ಈ ಗೊಂದಲದಲ್ಲಿ ಸಲಹೆ ಕೇಳಿದ್ದು ನಮ್ಮ ತಂಡದ ಹಿರಿಯರೊಬ್ಬರನ್ನು. ಬಿಳಿ ಮೀಸೆಯ ಆ ಯಜಮಾನರು ಯಾರಿಗೂ ಇಂಥದೇ ಕೋವಿ ಕೊಳ್ಳಿ ಎಂದು ಹೇಳಿದವರಲ್ಲ. ಯಾರೇ ಕೇಳಲಿ, ಅವರು ಕನ್ನಡಕವನ್ನು ಹಣೆಗೇರಿಸಿ, "ಎಲ್ಲಿ, ಹೆಬ್ಬೆರಳು ತೋರಿಸು" ಎನ್ನುತ್ತಾರೆ. ನಾನು ತೋರಿಸಿದೆ. ಅವರು ಅದನ್ನು ಹಿಡಿದು, ಬಗ್ಗಿಸಿ, ಬಿಸಿಲಿಗೆ ತಿರುಗಿಸಿ, ಉಗುರನ್ನು ಒತ್ತಿ, ಎರಡನೆಯ ಗೆಣ್ಣಿನ ಬಳಿ ಬಂದು ಬಹಳ ಹೊತ್ತು ನಿಂತರು. ನಮ್ಮೂರ ಜಾತ್ರೆಯಲ್ಲಿ ಕೈ ನೋಡುವವನು ಕೂಡ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ, ಅದೂ ಅಲ್ಲದೆ ಅವನು ಅಂಗೈಯನ್ನು ಪೂರ್ತಿ ನೋಡುತ್ತಿದ್ದ. ಕೊನೆಗೆ ಯಜಮಾನರು ನಿಟ್ಟುಸಿರು ಬಿಟ್ಟು ಬೆರಳನ್ನು ನನಗೆ ಹಿಂದಿರುಗಿಸಿದರು; ಏನೂ ಹೇಳಲಿಲ್ಲ. ಮರುತಿಂಗಳು ಮತ್ತೆ ಕೇಳಿದಾಗ, ಈ ನಡುವೆ ಅದೇನಾದರೂ ಬೆಳೆದಿರಬಹುದೆಂಬಂತೆ, ಮತ್ತೆ ತೋರಿಸು ಎಂದರು. ಮೂರನೆಯ ತಿಂಗಳು ನಾನು ಕೇಳದೆಯೇ, ಸ್ಯಾಂಡ್‌ವಿಚ್ ತಿನ್ನುತ್ತಿದ್ದವನ ಕೈಯನ್ನು ಎಳೆದುಕೊಂಡು ನೋಡಿ, ಪಕ್ಕದಲ್ಲಿದ್ದ ತಮ್ಮ ಗೆಳೆಯರಿಗೂ ತೋರಿಸಿದರು. ಇಬ್ಬರೂ ತಲೆಯಾಡಿಸಿದರು. ಮನೆಗೆ ಬಂದು ಹೆಂಡತಿಯ ಮುಂದೆ ಹೆಬ್ಬೆರಳನ್ನು ಚಾಚಿ, ಇದರಲ್ಲಿ ಏನು ಕೊರತೆ ಎಂದು ಕೇಳಿದೆ. ಪಾತ್ರೆ ತೊಳೆಯಲು ಏನೂ ಕೊರತೆ ಕಾಣುವುದಿಲ್ಲ ಎಂದಳು.

ಆ ಸಿಟ್ಟಿನಲ್ಲಿಯೇ ಅಂಗಡಿಗೆ ಹೋಗಿ, ನೋಡಲು ಚೆಂದವಿದ್ದ, ಕುದುರೆಗಳು ಒಳಗೆ ಅಡಗಿರುವ 12 ಬೋರಿನ ಜೋಡುನಳಿಗೆಯೊಂದನ್ನು ತಂದೆ. ಇಲ್ಲಿಂದ ಮೂರು ಗಂಟೆಯ ದಾರಿಯಲ್ಲಿರುವ ಟೂಂಬ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಹೆಸರಾಂತ ಗುಂಡಿನ ಕಾಳಗಕ್ಕೆ ಜೂಜುಗಾರ ಡಾಕ್ ಹಾಲಿಡೇ ಉದ್ದ ಕೋಟಿನೊಳಗೆ ಮರೆಮಾಡಿ ಒಯ್ದದ್ದೂ ಜೋಡುನಳಿಗೆಯೇ ಎಂಬುದು ನನ್ನ ಆಯ್ಕೆಗೆ ಸಾಕಷ್ಟು ಸಮರ್ಥನೆಯಾಗಿ ಕಂಡಿತ್ತು. ಹಾಲಿಡೇಯ ಕೋವಿಯಲ್ಲಿ ಇದ್ದಿರಲಾರದ ಒಂದು ಅನುಕೂಲ ನನ್ನದರಲ್ಲಿತ್ತು: ಪ್ರತಿ ಸಲ ಮುರಿದಾಗಲೂ, ಗುಂಡು ಹಾರದಂತೆ ತಡೆಯುವ ಅದರ ಸೇಫ್ಟಿ ಗುಂಡಿ ತಾನಾಗಿಯೇ ಬಿದ್ದುಕೊಳ್ಳುತ್ತದೆ. ಹೆಬ್ಬೆರಳಿನಿಂದ ಆ ಗುಂಡಿಯನ್ನು ಮುಂದಕ್ಕೆ ತಳ್ಳಿದ ಹೊರತು ಬಿಲ್ಲು ಒತ್ತಿದರೆ ಏನೂ ಆಗುವುದಿಲ್ಲ.

ಭಾನುವಾರ ಏನೂ ಆಗಲಿಲ್ಲ. ಬೀಪ್ ಕೇಳಿತು, ರೈಫಲು ರಿವಾಲ್ವರುಗಳು ಮರ್ಯಾದೆಯಿಂದ ನಡೆದುಕೊಂಡವು, ಕೋವಿಗೆ ಎರಡು ತೋಟಾ ತುಂಬಿ ಗುರಿಯಿಟ್ಟು ಬಿಲ್ಲು ಒತ್ತಿದೆ. ನಿಶ್ಶಬ್ದ. ತೋಟಾಗಳೇ ಕೆಟ್ಟಿರಬೇಕೆಂದು ಕೋವಿ ಮುರಿದು, ಅವನ್ನು ಹಿಂದಕ್ಕೆ ಜಾಡಿಸಿ, ಇನ್ನೆರಡು ತುಂಬಿದೆ. ಮುರಿದ ಕ್ಷಣದಲ್ಲಿಯೇ ಸೇಫ್ಟಿ ಮತ್ತೆ ಬಿದ್ದಿತ್ತು. ಹಿಂದಿನಿಂದ ಯಾರೋ "ಸೇಫ್ಟಿ! ಸೇಫ್ಟಿ!" ಎಂದು ಕೂಗಿದರು. ಎಚ್ಚರಿಕೆಯಿಂದಿರು ಎನ್ನುತ್ತಿದ್ದಾರೆಂದು ಭಾವಿಸಿದ ನಾನು, ಹದಿನೈದು ವರ್ಷ ಕಚೇರಿಯ ಸುರಕ್ಷತಾ ತರಬೇತಿಗಳಿಗೆ ತಪ್ಪದೆ ಹಾಜರಾದವನ ವಿಧೇಯತೆಯಿಂದ, ನಳಿಗೆಯನ್ನು ಇನ್ನಷ್ಟು ನೇರವಾಗಿ ಗುರಿಯ ದಿಬ್ಬದ ಕಡೆ ಹಿಡಿದು, ಬಿಲ್ಲಿನಿಂದ ಬೆರಳು ತೆಗೆದು, "ಯೆಸ್, ಯೆಸ್" ಎಂದೆ. ಕೂಗು ಜೋರಾದಷ್ಟೂ ನಾನು ಹೆಚ್ಚು ಹೆಚ್ಚು ಸುರಕ್ಷಿತನಾಗುತ್ತ ಹೋದೆ. ಟೂಂಬ್‌ಸ್ಟೋನಿನ ಇಡೀ ಕಾಳಗ ಸುಮಾರು 30 ಸೆಕೆಂಡಿನಲ್ಲಿ ಮುಗಿದಿತ್ತು. ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಾಲ್ಕು ತಟ್ಟೆಗಳಲ್ಲಿ ಒಂದನ್ನೂ ಬೀಳಿಸದೆ, ಮೇಲೆ 20 ಸೆಕೆಂಡು ದಂಡ ಗಳಿಸಿದೆ.

ಆಟ ಮುಗಿದ ಮೇಲೆ ನೆಲದಲ್ಲಿ ಬಿದ್ದಿದ್ದ ಎಂಟನ್ನೂ ಬಗ್ಗಿ ಆರಿಸಿಕೊಳ್ಳುವಾಗ ಅಜ್ಜ ನೆನಪಾದರು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಅವರ ಜೋಡುನಳಿಗೆಯನ್ನು ಅವರು ಆರಿಸಿದ್ದಲ್ಲ, ಅವರ ಅಪ್ಪನಿಂದ ಬಂದದ್ದು. ಎರಡು ಕುದುರೆಗಳಿದ್ದವು, ಸೇಫ್ಟಿ ಎಂಬುದೇ ಇರಲಿಲ್ಲ. ಕೋವಿಯನ್ನು ಮುರಿದೇ ತೋಳಿನ ಮೇಲೆ ಹಾಕಿಕೊಂಡು ಗದ್ದೆಯಂಚಿನಲ್ಲಿ ನಡೆಯುತ್ತಿದ್ದರು, ಮುಚ್ಚಿದ ಮೇಲೆ ಮಾತಾಡುತ್ತಿರಲಿಲ್ಲ. ಎಂಟು ತೋಟಾ ಅವರಿಗೆ ಎರಡು ವರ್ಷ ಬರುತ್ತಿತ್ತು. ಹಾರಿದ ತೋಟಾದ ಮದ್ದಿನ ವಾಸನೆಗಾಗಿ ನಾವು ಮಕ್ಕಳು ಜಗಳವಾಡುತ್ತಿದ್ದೆವು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಂಚಾಂಗದೊಳಗೆ ಇಡುತ್ತಿದ್ದರು. ಅವರು ತೀರಿಕೊಂಡ ವರ್ಷ ಹೋದ ಕೋವಿ ಮರಳಲಿಲ್ಲ. ರಸೀದಿ ಇನ್ನೂ ಆ ಪಂಚಾಂಗದಲ್ಲಿಯೇ ಇದೆ.

ಬುಧವಾರ ಕೋವಿ ರಿಪೇರಿಯವನ ಬಳಿ ಹೋದೆ. ಅವನು ಹತ್ತು ನಿಮಿಷದಲ್ಲಿ ಒಳಗಿನ ಒಂದು ಪುಟ್ಟ ಸರಳನ್ನು ತೆಗೆದು, ಇನ್ನು ನೀನಾಗಿ ಹಾಕಿದರೆ ಮಾತ್ರ ಸೇಫ್ಟಿ ಬೀಳುತ್ತದೆ ಎಂದು ಹೇಳಿ, ಸರಳನ್ನು ಲಕೋಟೆಯಲ್ಲಿ ಹಾಕಿಕೊಟ್ಟ. ಇಲ್ಲಿ ಎಲ್ಲರೂ ಮೊದಲ ದಿನವೇ ಮಾಡಿಸುವ ಕೆಲಸವಂತೆ. ಹಾಗಾದರೆ ಮೂರು ತಿಂಗಳು ನನ್ನ ಬೆರಳು ಹಿಡಿದು ನೋಡಿದ ಮಹಾನುಭಾವರು ಇದನ್ನೇಕೆ ಹೇಳಲಿಲ್ಲ ಎಂದು ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿ ಸ್ವಲ್ಪ ಒರಟಾಗಿಯೇ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಕೆಲಕಾಲ ಯೋಚಿಸಿ, ಮುಂದಿನ ಸಲ ಬರುವಾಗ ಎಡಗೈಯದನ್ನೂ ನೋಡೋಣ ಎಂದರು.