ಚೀಲ ಹಿಂದಕ್ಕೆ ಸರಿಸಿಕೊಂಡ ಹುಡುಗಿ

ನಿನ್ನೆ ಸಂಜೆ ಜರ್ಮನಿಯ ಡಾರ್ಟ್‌ಮುಂಡ್‌ನ ಟ್ರ್ಯಾಮ್ ನಿಲ್ದಾಣದಲ್ಲಿ ಕಂಡದ್ದು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಇವತ್ತು ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಬರೆದೇಬಿಡುತ್ತೇನೆ.

ಓದಲು ಬಂದ ಹುಡುಗಿ, ಬಂದು ಮೂರು ತಿಂಗಳೂ ಆಗಿಲ್ಲ. ಕೈಯಲ್ಲಿ ಅಗ್ಗದ ಅಂಗಡಿಯ ಚೀಲ, ಇಲ್ಲಿಯವರು ಡಿಸ್ಕೌಂಟರ್ ಅನ್ನುತ್ತಾರಲ್ಲ, ಅದರದು. ಚೀಲದ ಬಾಯಲ್ಲಿ ಒಂದು ಮೊಸರಿನ ಡಬ್ಬಿ ಇಣುಕುತ್ತಿತ್ತು. ಮುಚ್ಚಳದ ಮೇಲೆ ಕೆಂಪು ಚೀಟಿ, 30 ಪರ್ಸೆಂಟ್ ಕಡಿತ ಅಂತ. ನಾನು, ಅವಳು ಮಾತಾಡುತ್ತಾ ನಿಂತಿದ್ದಾಗ ನಮ್ಮಿಬ್ಬರಿಗೂ ಪರಿಚಯದ ಒಬ್ಬರು ಬಂದರು. ಈ ದೇಶದಲ್ಲಿ ಹದಿನೈದು ವರ್ಷ ಕಳೆದವರು, ಒಳ್ಳೆಯ ಕೆಲಸದಲ್ಲಿರುವವರು. ಚೀಲದ ಮೇಲೆ ಕಣ್ಣು ಬಿತ್ತು. "ಏನಮ್ಮಾ, ಅಲ್ಲೆಲ್ಲಾ ತಗೋತೀಯಾ? ನಾವಂತೂ ಆ ಅಂಗಡಿ ಕಡೆ ತಲೆ ಹಾಕೋದೇ ಇಲ್ಲಪ್ಪ" ಅಂದರು. ನಗುತ್ತಲೇ ಅಂದರು. ಹುಡುಗಿ ಏನೂ ಹೇಳಲಿಲ್ಲ. ಚೀಲವನ್ನು ಮೆಲ್ಲಗೆ ಎರಡೂ ಕೈಯಿಂದ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಟ್ರ್ಯಾಮ್ ಬರುವವರೆಗೂ ಹಾಗೇ ನಿಂತಿದ್ದಳು.

ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅಕ್ಕಾ, ಅಲ್ಲಿ ಸಾಮಾನು ಚೆನ್ನಾಗಿರಲ್ವಾ?"

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟೆ. ಆದರೆ ಅವರಿಗೆ ಕೊಡಬೇಕಾದ ಉತ್ತರ ಗಂಟಲಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆ ಹುಡುಗಿಯ ಲೆಕ್ಕ ತಿಳಿದುಕೊಳ್ಳಿ. ಜರ್ಮನಿಗೆ ಓದಲು ಬರುವವರು ಸಾಮಾನ್ಯವಾಗಿ ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಯಾಂಕ್ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದೇ ಮೊತ್ತ. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಬಾಡಿಗೆ ಅದರಲ್ಲೇ, ಆರೋಗ್ಯ ವಿಮೆ ಅದರಲ್ಲೇ, ಫೋನು, ಪುಸ್ತಕ, ಚಳಿಗಾಲದ ಬೂಟು ಎಲ್ಲಾ ಅದರಲ್ಲೇ. ಇವೆಲ್ಲ ಕಳೆದು ಉಳಿದದ್ದು ಊಟಕ್ಕೆ. ಅಷ್ಟರಲ್ಲಿ ಅಚ್ಚುಕಟ್ಟಾಗಿ ಸಂಸಾರ ತೂಗಿಸುತ್ತಿರುವ ಇಪ್ಪತ್ತಮೂರು ವರ್ಷದ ಹುಡುಗಿಯನ್ನು ನೋಡಿ ಹೆಮ್ಮೆಪಡಬೇಕೋ, ಅಂಗಡಿಯ ಹೆಸರು ಹಿಡಿದು ಹಂಗಿಸಬೇಕೋ?

ಹೆಸರು. ಇಡೀ ಸಮಸ್ಯೆ ಇರುವುದು ಅಲ್ಲಿಯೇ. ನಮ್ಮವರು ಪರದೇಶದಲ್ಲಿ ಅಂಗಡಿ ಆರಿಸುವುದು ಬೋರ್ಡು ನೋಡಿ, ಒಳಗಿನ ದೀಪ ನೋಡಿ, ಅಲ್ಲಿಗೆ ಬರುವ ಜನರನ್ನು ನೋಡಿ. ಕಪಾಟಿನ ಮೇಲಿರುವ ಸಣ್ಣ ಚೀಟಿಯನ್ನು ಮಾತ್ರ ನೋಡುವುದಿಲ್ಲ.

ನೋಡಿದ್ದರೆ ಗೊತ್ತಾಗುತ್ತಿತ್ತು. ಪ್ರತಿ ಸಾಮಾನಿನ ಕೆಳಗಿನ ಬೆಲೆ ಚೀಟಿಯಲ್ಲಿ ದಪ್ಪ ಅಕ್ಷರದ ಬೆಲೆಯ ಹತ್ತಿರವೇ ಸಣ್ಣದಾಗಿ ಇನ್ನೊಂದು ಬೆಲೆ ಇರುತ್ತದೆ, ಕಿಲೋಗೆ ಇಷ್ಟು, ಲೀಟರಿಗೆ ಇಷ್ಟು ಅಂತ. ಗ್ರುಂಡ್‌ಪ್ರೈಸ್ ಅನ್ನುತ್ತಾರೆ. ಅದನ್ನು ಹಾಕಲೇಬೇಕೆಂದು ಕಾನೂನು ಇದೆ. ಮೊದಲು ಸಣ್ಣ ಪೊಟ್ಟಣಗಳಿಗೆ ನೂರು ಗ್ರಾಮಿನ ಲೆಕ್ಕ ಹಾಕಲು ಬಿಡುತ್ತಿದ್ದರು. ಒಂದರಲ್ಲಿ ನೂರು ಗ್ರಾಮಿಗೆ, ಪಕ್ಕದ್ದರಲ್ಲಿ ಕಿಲೋಗೆ ಬರೆದಿದ್ದರೆ ನಿಂತಲ್ಲೇ ಹೋಲಿಸುವುದು ಕಷ್ಟ. 2022ರ ಮೇ 28ರಿಂದ ಕಿಲೋ ಇಲ್ಲವೇ ಲೀಟರ್ ಲೆಕ್ಕವನ್ನೇ ಕೊಡಬೇಕು. 400 ಗ್ರಾಂ ಪೊಟ್ಟಣ 2 ಯೂರೋ 40 ಸೆಂಟ್, ಪಕ್ಕದ ಒಂದು ಕಿಲೋದ್ದು 4 ಯೂರೋ ಅಂತಿಟ್ಟುಕೊಳ್ಳಿ. ಅವಸರದಲ್ಲಿರುವವರ ಕೈ 2.40ರ ಕಡೆಗೇ ಹೋಗುತ್ತದೆ. ಸಣ್ಣ ಅಕ್ಷರ ಓದಿದವರಿಗೆ ಅದು ಕಿಲೋಗೆ 6 ಯೂರೋ ಬಿತ್ತು ಅಂತ ಕಾಣುತ್ತದೆ. ಹುಡುಗಿಗೆ ನಾನು ಮೊದಲು ತೋರಿಸಿಕೊಟ್ಟದ್ದು ಇದನ್ನೇ, ಫೋನಿನಲ್ಲಿದ್ದ ಒಂದು ಫೋಟೋ ತೆಗೆದು, ಬೆರಳಲ್ಲಿ ಹಿಗ್ಗಿಸಿ.

ಎರಡನೆಯದು ಹಾಲಿನ ಪ್ಯಾಕೆಟ್. ಇವತ್ತೇ ನಿಮ್ಮ ಫ್ರಿಜ್ ತೆರೆದು ನೋಡಿ. ಪ್ಯಾಕೆಟ್ಟಿನ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಮೊಟ್ಟೆಯಾಕಾರದ ಸಣ್ಣ ಮುದ್ರೆ ಇರುತ್ತದೆ. ಒಳಗೆ ಡಿಇ ಅಂದರೆ ಜರ್ಮನಿ, ಆಮೇಲೆ ರಾಜ್ಯದ ಎರಡಕ್ಷರ, ಬವೇರಿಯಾ ಆದರೆ ಬಿವೈ, ನಮ್ಮ ನಾರ್ಡ್‌ರೈನ್ ವೆಸ್ಟ್‌ಫಾಲಿಯಾ ಆದರೆ ಎನ್‌ಡಬ್ಲ್ಯೂ, ಅದರ ಜೊತೆಗೊಂದು ಸಂಖ್ಯೆ. ಆ ಪ್ಯಾಕೆಟ್ ಕೊನೆಯದಾಗಿ ಸಂಸ್ಕರಣೆಯಾಗಿ ತುಂಬಿಕೊಂಡು ಬಂದ ಘಟಕದ ಗುರುತು ಅದು. ಹೆಸರುವಾಸಿ ಬ್ರ್ಯಾಂಡಿನ ಡಬ್ಬಿ ಒಂದು ಕೈಯಲ್ಲಿ, ಅಗ್ಗದ ಅಂಗಡಿಯ ಸ್ವಂತ ಬ್ರ್ಯಾಂಡಿನ ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಎರಡು ಮುದ್ರೆಯಲ್ಲೂ ಒಂದೇ ಸಂಖ್ಯೆ ಕಂಡಾಗ ನಾನು ಕಪಾಟಿನ ಮುಂದೆ ಎಷ್ಟೋ ಹೊತ್ತು ನಿಂತುಬಿಟ್ಟಿದ್ದೆ. ಒಂದೇ ಘಟಕ ಅಂದಮಾತ್ರಕ್ಕೆ ಒಳಗಿನದ್ದು ಅಚ್ಚು ಒಂದೇ ಅಂತಲ್ಲ, ಕೊಬ್ಬಿನ ಅಂಶ, ಮಾಡುವ ಕ್ರಮ ಬೇರೆ ಇರಬಹುದು. ಆದರೆ "ಅಲ್ಲಿಯದು ಎಲ್ಲಿಂದ ಬರುತ್ತೋ ಏನೋ" ಅನ್ನುವ ಮಾತಿಗೆ ಆ ಮುದ್ರೆಯೇ ಉತ್ತರ. ಎಲ್ಲಿಂದ ಅಂತ ಅಲ್ಲೇ ಬರೆದಿದೆ, ಓದಬೇಕು ಅಷ್ಟೆ.

ಮೊಟ್ಟೆಯದೂ ಹಾಗೇ. ಚಿಪ್ಪಿನ ಮೇಲೆ ಒತ್ತಿರುವ ಮೊದಲ ಅಂಕಿ 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಓಡಾಡಲು ಬಿಟ್ಟ ಕೋಳಿ, 2 ಇದ್ದರೆ ಶೆಡ್ಡಿನೊಳಗೆ ನೆಲದ ಮೇಲೆ ಬೆಳೆದದ್ದು, 3 ಇದ್ದರೆ ಪಂಜರದ್ದು. ಕೋಳಿ ಹೇಗೆ ಬಾಳಿತು ಅನ್ನುವುದು ಮೊಟ್ಟೆಯ ಮೈಮೇಲಿದೆ. ಅಂಗಡಿಯ ಬೋರ್ಡಿನ ಮೇಲಿಲ್ಲ.

ಇನ್ನು ಆ ಕೆಂಪು ಚೀಟಿ. ಶನಿವಾರ ಸಂಜೆ ಅದು ಯಾಕೆ ಅಂಟುತ್ತದೆ? ಭಾನುವಾರ ವ್ಯಾಪಾರ ಇಲ್ಲ. 1919ರ ವೈಮರ್ ಸಂವಿಧಾನದಲ್ಲಿದ್ದ ಭಾನುವಾರದ ವಿಶ್ರಾಂತಿಯ ವಿಧಿಯನ್ನೇ 1949ರ ಸಂವಿಧಾನವೂ ಉಳಿಸಿಕೊಂಡಿತು. ಹಾಗಾಗಿ ಸೋಮವಾರದೊಳಗೆ ದಿನ ಮುಗಿಯುವ ಸಾಮಾನನ್ನು ಶನಿವಾರವೇ ಖಾಲಿ ಮಾಡಲು ನೋಡುತ್ತಾರೆ. ಮೊಸರಿನ ಮೇಲೆ ಬರೆದಿರುವುದು "ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್". ಕಡಿಮೆಯೆಂದರೂ ಈ ದಿನದವರೆಗೆ ಚೆನ್ನಾಗಿರುತ್ತದೆ ಅಂತ ಅರ್ಥ. ಆ ದಿನ ದಾಟಿದ ಕೂಡಲೇ ಕೆಟ್ಟಿತು ಅಂತಲ್ಲ, ಮುಚ್ಚಳ ತೆಗೆದು, ನೋಡಿ, ಮೂಸಿ ತಿನ್ನಬಹುದು. ಹಸಿ ಕೊಚ್ಚು ಮಾಂಸದಂಥ ಬೇಗ ಕೆಡುವ ಸಾಮಾನಿನ ಮೇಲೆ ಬರೆಯುವುದು ಬೇರೆ, "ತ್ಸು ಫರ್ಬ್ರೌಖೆನ್ ಬಿಸ್". ಆ ದಿನ ದಾಟಿದರೆ ಮುಟ್ಟಬಾರದು. ಈ ಎರಡರ ವ್ಯತ್ಯಾಸ ಆ ಹುಡುಗಿಗೆ ಗೊತ್ತಿತ್ತು! ನಿಘಂಟು ನೋಡಿ ತಾನೇ ಕಲಿತಿದ್ದಳು. ಹಂಗಿಸಿದವರಿಗೆ ಗೊತ್ತಿದೆಯೋ ಇಲ್ಲವೋ ನಾನು ಕೇಳಲಿಲ್ಲ.

ಈಗ ಹೆಸರಿನ ವಿಷಯಕ್ಕೇ ಮತ್ತೆ ಬರುತ್ತೇನೆ, ಕೋಪ ಇನ್ನೂ ಇಳಿದಿಲ್ಲ. ಅಗ್ಗದ ಅಂಗಡಿಗೆ ಹೋಗದೆ ದೊಡ್ಡ ಸೂಪರ್‌ಮಾರ್ಕೆಟ್ಟಿಗೇ ಹೋಗುವ ಹೆಮ್ಮೆ ಯಾರದೆಲ್ಲ ಇದೆಯೋ ಅವರು ಇದನ್ನು ಓದಬೇಕು. ಪೆನಿ ಅನ್ನುವ ಡಿಸ್ಕೌಂಟರ್ ಯಾರದು? ರೆವೆ ಅನ್ನುವ ದೊಡ್ಡ ಸೂಪರ್‌ಮಾರ್ಕೆಟ್ ಗುಂಪಿನದು. ನೆಟ್ಟೊ ಮಾರ್ಕೆನ್ ಡಿಸ್ಕೌಂಟ್ ಯಾರದು? ಎಡೆಕಾ ಅನ್ನುವ ಇನ್ನೊಂದು ದೊಡ್ಡ ಸೂಪರ್‌ಮಾರ್ಕೆಟ್ಟಿನದು. ಅಗ್ಗದ ಲಿಡ್ಲ್, ದೊಡ್ಡ ಕೌಫ್‌ಲಾಂಡ್ ಎರಡೂ ಶ್ವಾರ್ಟ್ಸ್ ಗುಂಪಿನವು. ಪೆನಿಗೆ ಮೂಗು ಮುರಿದು ರೆವೆಗೆ ಹೋದರೆ ದುಡ್ಡು ಸೇರುವುದು ಅದೇ ಮನೆಗೆ, ಬಾಗಿಲು ಮಾತ್ರ ಬೇರೆ. ಎಡೆಕಾ, ರೆವೆ, ಶ್ವಾರ್ಟ್ಸ್, ಆಲ್ಡಿ, ಈ ನಾಲ್ಕರ ಕೈಯಲ್ಲೇ ಜರ್ಮನಿಯ ಚಿಲ್ಲರೆ ಆಹಾರ ವ್ಯಾಪಾರದ ಸುಮಾರು 85 ಪರ್ಸೆಂಟ್ ಇದೆ ಅಂತ ಇಲ್ಲಿನ ಸ್ಪರ್ಧಾ ನಿಯಂತ್ರಣ ಇಲಾಖೆ 2014ರಲ್ಲೇ ಹೇಳಿತ್ತು.

ಆಲ್ಡಿಯ ಕಥೆಯಂತೂ ನಮ್ಮ ಪಕ್ಕದೂರಿನದು. 1913ರಲ್ಲಿ ಎಸ್ಸೆನ್‌ನ ಗಣಿ ಕಾರ್ಮಿಕರ ಬಡಾವಣೆಯಲ್ಲಿ ಅನ್ನಾ ಆಲ್‌ಬ್ರೆಕ್ಟ್ ಅನ್ನುವ ತಾಯಿ ಇಟ್ಟ ಸಣ್ಣ ದಿನಸಿ ಅಂಗಡಿ. ಯುದ್ಧದ ನಂತರ ಮಕ್ಕಳಾದ ಕಾರ್ಲ್, ಥಿಯೋ ಅದನ್ನು ಬೆಳೆಸಿದರು. ಅಲಂಕಾರ ಇಲ್ಲ, ಸಾಮಾನು ಕಡಿಮೆ ಬಗೆ, ಬಂದ ರಟ್ಟಿನ ಡಬ್ಬದಲ್ಲೇ ಇಟ್ಟು ಮಾರುವುದು. ಬೆಲೆ ಇಳಿಯುವುದು ಅಲ್ಲಿಂದ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಗೆಯ ಸಾಮಾನಿದ್ದರೆ ಇಂಥ ಅಂಗಡಿಯಲ್ಲಿ ಎರಡು ಸಾವಿರದ ಆಸುಪಾಸು. ಇಪ್ಪತ್ತು ಬಗೆಯ ಜ್ಯಾಮ್ ಇಲ್ಲದ್ದಕ್ಕೆ ಬೆಲೆ ಕಡಿಮೆ, ಜ್ಯಾಮ್ ಕೆಟ್ಟದ್ದು ಅಂತಲ್ಲ. ನನ್ನ ಮಾತು ಬೇಡ ಅಂದರೆ 1964ರಲ್ಲಿ ಶುರುವಾದ ಸ್ಟಿಫ್ಟುಂಗ್ ವಾರೆನ್‌ಟೆಸ್ಟ್ ಅನ್ನುವ ಗ್ರಾಹಕ ಪರೀಕ್ಷಾ ಸಂಸ್ಥೆಯ ಫಲಿತಾಂಶಗಳನ್ನು ತೆಗೆದು ನೋಡಿ. ಅಗ್ಗದ ಸ್ವಂತ ಬ್ರ್ಯಾಂಡುಗಳು ದುಬಾರಿಯವುಗಳ ಸಮಕ್ಕೆ ನಿಂತದ್ದು ಎಷ್ಟೋ ಸಲ.

"ಅಷ್ಟು ಅಗ್ಗಕ್ಕೆ ಕೊಟ್ಟರೆ ರೈತನಿಗೆ ಏನು ಸಿಗುತ್ತೆ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ನಿಜವಾದದ್ದೇ, ನನಗೂ ಕಾಡುತ್ತದೆ. ಆದರೆ ಮೇಲೆ ಹೇಳಿದೆನಲ್ಲ, ದುಬಾರಿ ಬಾಗಿಲಿನ ಹಿಂದೆಯೂ ಅದೇ ನಾಲ್ಕು ಮನೆಗಳು. ಬ್ರ್ಯಾಂಡಿಗೆ ಕೊಟ್ಟ ಹೆಚ್ಚುವರಿ ದುಡ್ಡು ರೈತನ ಕೈಗೆ ಹೋಯಿತು ಅಂತ ಯಾವ ಚೀಟಿಯಲ್ಲೂ ಬರೆದಿಲ್ಲ. ರೈತನ ಚಿಂತೆ ಇದ್ದವರು ವಾರದ ಸಂತೆಗೆ ಹೋಗಿ, ಬೆಳೆದವರ ಕೈಯಿಂದಲೇ ಕೊಳ್ಳಲಿ, ನಾನೂ ಕೈಲಾದಾಗ ಕೊಳ್ಳುತ್ತೇನೆ. ಆ ಚಿಂತೆಯನ್ನು ತಿಂಗಳಿಗೆ 992 ಯೂರೋದಲ್ಲಿ ಬದುಕುವ ಹುಡುಗಿಯ ತಲೆ ಮೇಲೆ ಹೊರಿಸುವುದು ಬೇಡ.

ಇದನ್ನೆಲ್ಲ ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಾನು 2013ರಲ್ಲಿ ಬಂದದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಆ ಮೊದಲ ಚಳಿಗಾಲ. ಬಂದ ವಾರವೇ ಒಬ್ಬರು ಇದೇ ಮಾತು ಹೇಳಿದ್ದರು, ಅಂಥ ಅಂಗಡಿಗೆ ಮಾನಸ್ಥರು ಹೋಗಲ್ಲ ಅಂತ. ನಂಬಿದೆ. ರೂಮಿನಿಂದ ಮೂರು ನಿಮಿಷದ ದಾರಿಯ ಡಿಸ್ಕೌಂಟರ್ ದಾಟಿ, ಹಿಮದಲ್ಲಿ ಇಪ್ಪತ್ತು ನಿಮಿಷ ನಡೆದು ಫಳಫಳ ಹೊಳೆಯುವ ಅಂಗಡಿಗೆ ಹೋಗುತ್ತಿದ್ದೆ. ಡಿಸೆಂಬರ್ ಕೊನೆಯ ಹತ್ತು ದಿನ ಕೈಯಲ್ಲಿ ದುಡ್ಡಿಲ್ಲದೆ ಬ್ರೆಡ್ಡು, ಚಹಾ. ಫೋನಿನಲ್ಲಿ ಅಮ್ಮ ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದೆ. ಮಾತು ಮುಗಿಸಿ ಆ ತಣ್ಣಗಿನ ಬ್ರೆಡ್ಡಿನ ಅಂಚು ಅಗಿಯುತ್ತಿದ್ದದ್ದು ಇವತ್ತಿಗೂ ಹಲ್ಲಿನಲ್ಲಿ ನೆನಪಿದೆ.

ಅದಕ್ಕಿಂತ ಹೇಳಲು ಕಷ್ಟವಾದದ್ದು ಇನ್ನೊಂದಿದೆ. ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಹೊಸದಾಗಿ ಬಂದ ಒಬ್ಬ ಹುಡುಗ ನಮ್ಮ ಮನೆಗೆ ಬಿಸ್ಕತ್ತಿನ ಪೊಟ್ಟಣ ತಂದಿದ್ದ, ಅಂಥದ್ದೇ ಅಂಗಡಿಯದ್ದು. ನಾನು ನಕ್ಕು, "ಅಯ್ಯೋ, ಅಲ್ಲಿಂದ ತಂದ್ಯಾ?" ಅಂದಿದ್ದೆ. ಹೌದು, ನಾನೇ. ಹಸಿದು ಮಲಗಿದ್ದ ನಾನೇ. ಅವನ ಮುಖ ಬಾಡಿದ್ದು ಆಗ ಕಾಣಲಿಲ್ಲ. ನಿನ್ನೆ ಆ ಹುಡುಗಿ ಚೀಲ ಹಿಂದಕ್ಕೆ ಸರಿಸಿದಾಗ ಕಂಡಿತು. ಅವನು ಈಗ ಯಾವ ಊರಿನಲ್ಲಿದ್ದಾನೋ ಗೊತ್ತಿಲ್ಲ. ಇದನ್ನು ಓದುತ್ತಿದ್ದರೆ, ತಪ್ಪಾಯಿತಪ್ಪ, ಕ್ಷಮಿಸು.

ಹುಡುಗಿಗೆ ಇನ್ನೊಂದು ಭಯ ಇತ್ತು, ಬೀದಿ ಕೊನೆಯ ಟರ್ಕಿಯವರ ಅಂಗಡಿಗೆ ಹೋಗಲು. "ಜರ್ಮನ್ ಸರಿಯಾಗಿ ಬರಲ್ಲ ಅಕ್ಕಾ, ಅವರು ಏನಾದ್ರೂ ಕೇಳಿದ್ರೆ?" ನನಗೂ ಅದೇ ಭಯ ಇತ್ತು, ಒಂದು ವರ್ಷ ಒಳಗೆ ಕಾಲಿಟ್ಟಿರಲಿಲ್ಲ. 1961ರಲ್ಲಿ ಜರ್ಮನಿ, ಟರ್ಕಿ ಮಾಡಿಕೊಂಡ ಒಪ್ಪಂದದ ಮೇಲೆ ಇಲ್ಲಿನ ಗಣಿಗೆ, ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದವರು ಅವರ ಹಿರಿಯರು. ಆ ಹಿರಿಯರೂ ಒಂದು ಕಾಲದಲ್ಲಿ ಭಾಷೆ ಬಾರದೆ ಅಂಗಡಿ ಬಾಗಿಲಲ್ಲಿ ತಡವರಿಸಿದವರೇ. ಅಲ್ಲಿ ಕೊತ್ತಂಬರಿ ಕಟ್ಟು ಅಂದರೆ ಕಟ್ಟು, ಕೈ ತುಂಬಾ, ಬೇರಿನ ಮಣ್ಣಿನ ವಾಸನೆ ಸಮೇತ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಣಿಸಿ ಇಟ್ಟ ಹಾಗಿರುವ ನಾಲ್ಕು ಎಲೆಯಲ್ಲ. ಕಡಲೆ, ಬೇಳೆ ಕಿಲೋಗಟ್ಟಲೆ ಪೊಟ್ಟಣದಲ್ಲಿ. ಬೆರಳು ತೋರಿಸಿದರೂ ಸಾಕು, ಕೊಡುತ್ತಾರೆ.

ಹುಡುಗಿಯ ರೂಮಿನಲ್ಲಿ ಖಾಲಿ ಬಾಟಲಿ ಗುಡ್ಡೆ ಬಿದ್ದಿದೆಯಂತೆ, ಕೊಂಡ ಅಂಗಡಿಗೇ ಒಯ್ಯಬೇಕು ಅಂದುಕೊಂಡು. ಹಾಗೇನಿಲ್ಲ. ಒಂದೇ ಸಲ ಬಳಸಿ ಬಿಡುವ ಬಾಟಲಿಗೆ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಕಟ್ಟಿರುತ್ತೇವೆ, ಖಾಲಿ ಬಾಟಲಿ ಕೊಟ್ಟರೆ ಅದು ವಾಪಸ್. ಅಂಥ ಪ್ಲಾಸ್ಟಿಕ್ ಬಾಟಲಿ ಮಾರುವ ಯಾವ ದೊಡ್ಡ ಅಂಗಡಿಯಾದರೂ ವಾಪಸ್ ತೆಗೆದುಕೊಳ್ಳಲೇಬೇಕು. ನಲವತ್ತು ಇರಬಹುದು ಅಂದಳು. ಹತ್ತು ಯೂರೋ ಆಯ್ತಲ್ಲ ಅಂದಾಗ ಸಂಜೆಯಿಂದ ಮೊದಲ ಸಲ ಮುಖ ಅರಳಿತು.

ನಾಳೆ ಆರು ಗಂಟೆಗೆ ಕ್ಲಾಸ್ ಮುಗಿಯುತ್ತದಂತೆ. ಬಾಟಲಿ ತುಂಬಲು ದೊಡ್ಡ ಚೀಲ ಎರಡು ನಾನು ತರುತ್ತೇನೆ ಅಂದಿದ್ದೇನೆ. ಮೊದಲು ಬಾಟಲಿ ಹಾಕಿ ಬಂದು, ಆಮೇಲೆ ಬೀದಿ ಕೊನೆಯ ಅಂಗಡಿಗೆ. ಅಲ್ಲಿ ಮಾತಾಡುವವಳು ಅವಳೇ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಅಂತ ಮಾತಾಗಿದೆ.